ಗೊತ್ತಿಲ್ಲ ಎನ್ನಲು ನಾಚಿದವಳು

ಇಂಟರ್ನ್‌ಶಿಪ್‌ನ ಮೊದಲ ದಿನವೇ ಅವನು ಎಲ್ಲರೆದುರು ಕೇಳಿಬಿಟ್ಟ: "ಮೇಡಂ, ಅಚ್ಚು ನೋಡಿದ್ರೆ ಇದು ಎಡಗಾಲಿಂದೋ ಬಲಗಾಲಿಂದೋ ಅಂತ ಹೇಗೆ ಗೊತ್ತಾಗುತ್ತೆ?"

ಕೃತಕ ಕಾಲು ತಯಾರಿಸುವ ಆ ವರ್ಕ್‌ಶಾಪ್‌ನಲ್ಲಿ ನಗು ಎದ್ದಿತು. ಅವನ ಜೊತೆಗೇ ಇಂಟರ್ನ್ ಆಗಿ ಸೇರಿದ್ದ ಅವಳೂ ನಕ್ಕಳು. ಅವನು ಅವಳ ಕಡೆ ತಿರುಗಿ, ಒಂದಿಷ್ಟೂ ಮುಜುಗರವಿಲ್ಲದೆ, "ನಿಮಗೆ ಗೊತ್ತಾ?" ಎಂದ.

"ಹೂಂ," ಎಂದಳು. ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ಅವಳಿಗೆ ಮೊದಲ ರ್‍ಯಾಂಕ್. ಗೊತ್ತಿಲ್ಲ ಎಂಬ ಮಾತು ನಾಲಿಗೆಗೆ ಅಭ್ಯಾಸವೇ ಇರಲಿಲ್ಲ. ಅವನು ಮಾತ್ರ ದಿನಕ್ಕೆ ಇಪ್ಪತ್ತು ಸಲ ಅದನ್ನೇ ಹೇಳುತ್ತಿದ್ದ. ವಾರದೊಳಗೆ ಎಲ್ಲರ ಬಾಯಲ್ಲೂ ಅವನು 'ಪ್ರಶ್ನೆಪತ್ರಿಕೆ' ಆದ.

ಇಬ್ಬರಿಗೂ ಕಿಟಕಿ ಪಕ್ಕದ ಒಂದೇ ಮೇಜು. ರೋಗಿಗಳ ಕಾಲಿನ ಅಚ್ಚು ಉಜ್ಜುವಾಗ ಏಳುವ ಪ್ಲಾಸ್ಟರ್ ಧೂಳು ಬಿಸಿಲಿನಲ್ಲಿ ತೇಲುತ್ತಿತ್ತು.

"ನಿಮ್ಮ ಹುಬ್ಬಿಗೆ ವಯಸ್ಸಾಯ್ತು," ಎಂದ ಒಂದು ದಿನ.

ಅವಳು ಗಡಿಬಿಡಿಯಲ್ಲಿ ಒರೆಸಿಕೊಂಡಳು.

"ಆ ಕಡೆದಲ್ಲ, ಈ ಕಡೆದು. ಈಗ ಎರಡಕ್ಕೂ ಆಯ್ತು ನೋಡಿ."

ಅವನ ಕೈ ಅವಳ ಹುಬ್ಬಿನ ಹತ್ತಿರದವರೆಗೂ ಬಂದು, ಏನೋ ನೆನಪಾದಂತೆ ಹಿಂದೆ ಸರಿದು ಕರವಸ್ತ್ರ ಚಾಚಿತು. ಆ ಒಂದು ಗೇಣು ದೂರವನ್ನು ಅವಳು ಇಡೀ ಸಂಜೆ ನೆನೆಸಿಕೊಂಡಳು. ಮನೆಯಲ್ಲಿ ಅಕ್ಕನ ಹತ್ತಿರ ಅವನ ಪ್ರಶ್ನೆಗಳನ್ನೆಲ್ಲ ಅವನ ದನಿಯಲ್ಲೇ ಮಾಡಿ ತೋರಿಸಿದಳು. ಅಕ್ಕ ನಕ್ಕು, "ಬೈತಾ ಇದ್ದೀಯೋ ಹೊಗಳ್ತಾ ಇದ್ದೀಯೋ?" ಎಂದಳು.

ಎರಡನೇ ತಿಂಗಳಲ್ಲಿ ಒಬ್ಬ ಟೈಲರಮ್ಮ ಬಂದರು. ಮೊಣಕಾಲಿನ ಕೆಳಗೆ ಬಲಗಾಲು ಇರಲಿಲ್ಲ. "ಮತ್ತೆ ಮಷೀನ್ ತುಳೀಬೇಕು ಕಣಮ್ಮ, ಅಷ್ಟೇ ನನ್ನಾಸೆ," ಎಂದರು.

ಇಬ್ಬರ ಮೇಜಿಗೆ ಬಂದ ಅವರ ಅಚ್ಚನ್ನು ತಿದ್ದಲು ಅವಳೇ ಕೈಗೆತ್ತಿಕೊಂಡಳು. ಮೊಣಕಾಲಿನ ಕೆಳಗೆ, ಹೊರಬದಿಯಲ್ಲಿ ಒಂದು ಸಣ್ಣ ಉಬ್ಬು ಕಂಡಿತು. ಎಲುಬೋ, ಪ್ಲಾಸ್ಟರಿನ ಗಂಟೋ? ಮೇಡಂ ನಾಲ್ಕು ಹೆಜ್ಜೆ ದೂರದಲ್ಲೇ ಇದ್ದರು. ಕೇಳಬಹುದಿತ್ತು. ಇಷ್ಟೂ ಗೊತ್ತಿಲ್ವಾ ಎಂದುಬಿಟ್ಟರೆ? ಅವಳು ಅರ ತೆಗೆದುಕೊಂಡು ಉಬ್ಬನ್ನು ನುಣ್ಣಗೆ ಉಜ್ಜಿದಳು. ಎದುರಿಗಿದ್ದ ಅವನು ತಲೆಯೆತ್ತಿ ನೋಡಿ, ರ್‍ಯಾಂಕ್ ಹುಡುಗಿಗೆ ಗೊತ್ತಿರುತ್ತದೆ ಎಂದುಕೊಂಡು ಸುಮ್ಮನಾದ.

ಹೊಸ ಕಾಲು ಹಾಕಿಕೊಂಡ ದಿನ ಟೈಲರಮ್ಮ, "ಇಲ್ಲಿ ಚೂರು ಒತ್ತುತ್ತಮ್ಮ," ಎಂದರು.

"ಹೊಸದಲ್ವಾ, ಒಗ್ಗುತ್ತೆ," ಎಂದಳು ಅವಳು.

ಒಗ್ಗಲಿಲ್ಲ. ವಾರ ಕಳೆದು ಅವರು ಬಂದಾಗ ಚರ್ಮ ಕಿತ್ತು ಹಸಿ ಗಾಯವಾಗಿತ್ತು. ಮೇಡಂ ಅಚ್ಚು ತರಿಸಿ ನೋಡಿದರು. ಅದು ಎಲುಬಿನ ಜಾಗ. ಅಲ್ಲಿ ಪ್ಲಾಸ್ಟರ್ ಸೇರಿಸಿ ಎತ್ತರಿಸಿದ್ದರೆ, ಅಚ್ಚಿನ ಮೇಲೆ ರೂಪಿಸುವ, ಕಾಲು ಕೂರುವ ಸಾಕೆಟ್‌ನೊಳಗೆ ಎಲುಬಿಗೆ ಜಾಗ ಉಳಿಯುತ್ತಿತ್ತು.

"ಯಾರು ಇದನ್ನ ತಿದ್ದಿದ್ದು?"

ಅಚ್ಚಿನ ಜೊತೆಗಿದ್ದ ಕಾರ್ಡಿನಲ್ಲಿ ತಿದ್ದಿದವರ ಸಹಿಯ ಜಾಗ ಖಾಲಿಯಿತ್ತು. ಮೇಡಂ ಕಣ್ಣು ನೇರ ಅವನ ಮೇಲೆ ಹೋಯಿತು. "ದಿನಾ ತಲೆ ತಿಂದು ಕೊನೆಗೆ ಇದೇನಾ ಕಲಿತಿದ್ದು?"

ಅವನು ಅವಳ ಕಡೆ ನೋಡಿದ. ಬೆರಳು ತೋರಿಸುವ ನೋಟವಲ್ಲ ಅದು, ಕಾಯುವ ನೋಟ. ಅವಳು ತಲೆ ತಗ್ಗಿಸಿ ಕೈಯಲ್ಲಿದ್ದ ಮರಳುಕಾಗದವನ್ನು ಮಡಿಸತೊಡಗಿದಳು. ಒಂದು ಮಡಿಕೆ, ಇನ್ನೊಂದು ಮಡಿಕೆ.

"ಸಾರಿ ಮೇಡಂ," ಎಂದ ಅವನು.

ಮರುದಿನದಿಂದ ಅವನು ಸ್ಟೋರ್ ರೂಮಿನಲ್ಲಿ ಸ್ಕ್ರೂ, ಬೆಲ್ಟುಗಳನ್ನು ಜೋಡಿಸಿಡಬೇಕಾಯಿತು. ರೋಗಿಗಳ ಹತ್ತಿರ ಸುಳಿಯುವಂತಿರಲಿಲ್ಲ. ಕಲಿಯಲೆಂದೇ ಬಂದವನು, ನಾಲ್ಕು ಗೋಡೆಗಳ ನಡುವೆ ಪ್ರಶ್ನೆ ಕೇಳಲು ಯಾರೂ ಇಲ್ಲದೆ ಕೂತ.

ಅವಳು ಆ ಬಾಗಿಲ ಮುಂದೆ ಹೋಗುವುದನ್ನೇ ಬಿಟ್ಟಳು. ನೀರು ಕುಡಿಯಲೂ ಹಿಂದಿನ ಮೆಟ್ಟಿಲು ಸುತ್ತಿ ಹೋದಳು. ಇವತ್ತು ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆ ಹೊರಡುವಳು. ಮೇಡಂ ಬೆನ್ನು ತಟ್ಟಿ, "ನೀನೊಬ್ಬಳಾದ್ರೂ ಸರಿಯಾಗಿದ್ದೀಯಲ್ಲ," ಎನ್ನುವರು. ಅಷ್ಟಕ್ಕೆ ಬಾಯಿ ಕಟ್ಟಿಹೋಗುವುದು.

"ಪ್ರಶ್ನೆಪತ್ರಿಕೆ ಸುದ್ದಿನೇ ಇಲ್ವಲ್ಲೇ?" ಊಟಕ್ಕೆ ಕೂತಾಗ ಅಕ್ಕ ಕೇಳಿದಳು. "ಜಗಳ ಆಯ್ತಾ? ಅವನೇನಾದ್ರೂ ಅಂದ್ನಾ?"

"ಅವನು ಏನೂ ಅನ್ನಲಿಲ್ಲ ಅಕ್ಕಾ," ಎಂದು ತಟ್ಟೆ ಪಕ್ಕಕ್ಕೆ ಸರಿಸಿದಳು. "ಅದೇ ತಡ್ಕೊಳ್ಳೋಕಾಗ್ತಿಲ್ಲ."

ಆರನೇ ದಿನ ಟೈಲರಮ್ಮ ಗಾಯಕ್ಕೆ ಪಟ್ಟಿ ಹಾಕಿಸಿಕೊಳ್ಳಲು ಬಂದರು.

"ಮೇಡಂ, ಆ ಹುಡುಗನ್ನ ಒಳಗೆ ಕರ್ಕೊಳ್ಳಿ. ಪಾಪ, ಕಲಿಯೋ ಮಕ್ಕಳು. ಆದ್ರೆ ನನ್ನ ಕಾಲು ಮಾತ್ರ ಈ ಸಲ ಈ ಹುಡುಗಿ ಕೈಯಲ್ಲೇ ಆಗ್ಲಿ," ಎಂದು ಅವಳ ಕೈ ಹಿಡಿದುಕೊಂಡರು.

ಆ ಬೆಚ್ಚನೆಯ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

"ಹಾಳು ಮಾಡಿದ್ದು ನಾನೇ. ಅವರಲ್ಲ."

ಕೋಣೆಯಲ್ಲಿ ಅರದ ಸದ್ದು ನಿಂತಿತು. ಕಿವಿಯವರೆಗೂ ಮೈ ಬಿಸಿಯಾಗಿ, ನಿಂತ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು ಅವಳಿಗೆ.

ಟೈಲರಮ್ಮ ಗಾಯದ ಪಟ್ಟಿಯ ಮೇಲೆ ಕೈಯಿಟ್ಟರು. "ಒತ್ತುತ್ತೆ ಅಂದಾಗ ಒಗ್ಗುತ್ತೆ ಅಂದ್ಯಲ್ಲಮ್ಮ. ಆಗ ಗೊತ್ತಿತ್ತಾ ನಿನಗೆ?"

"ಇಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು."

"ನಾನು ಹಲ್ಲು ಕಚ್ಕೊಂಡು ವಾರವಿಡೀ ನಡೆದೆ," ಎಂದರು ಅವರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಚ್ಚನ್ನ ತಿದ್ದಬಹುದು. ಆರು ದಿನ ಸುಮ್ಮನಿದ್ದೆಯಲ್ಲ, ಅದನ್ನ ಯಾವ ಅರದಲ್ಲಿ ಉಜ್ಜಲಿ? ನಿನ್ನ ಇಂಟರ್ನ್‌ಶಿಪ್ ಇವತ್ತಿಂದ ಮತ್ತೆ ಶುರು. ಹಿಂದಿನದು ಲೆಕ್ಕಕ್ಕಿಲ್ಲ. ಹೋಗು, ಅವನನ್ನ ಕರ್ಕೊಂಡು ಬಾ."

ಅವನು ಸ್ಟೋರ್ ರೂಮಿನಲ್ಲಿ ಬೆಲ್ಟುಗಳನ್ನು ಅಳತೆಯಂತೆ ಬೇರ್ಪಡಿಸುತ್ತಿದ್ದ. ಅವಳು ಬಾಗಿಲಲ್ಲೇ ನಿಂತಳು.

"ಹೇಳಿಬಿಟ್ಟೆ."

"ಕೇಳಿಸ್ತು. ತೆಳು ಗೋಡೆ."

"ಅವತ್ತೇ ಯಾಕೆ ಹೇಳಲಿಲ್ಲ ನೀವು?"

"ನೀವೇ ಹೇಳ್ತೀರಿ ಅಂದ್ಕೊಂಡೆ. ಸಂಜೆ ಹೇಳ್ತೀರಿ, ನಾಳೆ ಹೇಳ್ತೀರಿ ಅಂತ." ಕೈಯಲ್ಲಿದ್ದ ಬೆಲ್ಟನ್ನು ಕೆಳಗಿಟ್ಟ. "ಬೈಸಿಕೊಂಡಿದ್ದಕ್ಕೆ ಬೇಜಾರಿಲ್ಲ. ನೀವು ಮೆಟ್ಟಿಲು ಸುತ್ತಿ ಹೋಗೋಕೆ ಶುರು ಮಾಡಿದ್ರಲ್ಲ, ಅದಕ್ಕೆ ಆಯ್ತು. ತುಂಬಾನೇ ಆಯ್ತು."

"ತಪ್ಪಾಯ್ತು," ಎಂದಳು. ಅವನು ಪರವಾಗಿಲ್ಲ ಎನ್ನಲಿಲ್ಲ.

ಗಾಯ ಮಾಗಲು ಮೂರು ವಾರ ಹಿಡಿಯಿತು. ಟೈಲರಮ್ಮ ಒಪ್ಪಿದ ಮೇಲೆ ಹೊಸ ಅಚ್ಚನ್ನು ಇಬ್ಬರೂ ಸೇರಿ ಮಾಡಿದರು. ಪ್ರತಿ ಹಂತದಲ್ಲೂ ಅವಳು ಕೇಳಿದಳು: ಇಲ್ಲಿ ಎಷ್ಟು ದಪ್ಪ, ಇಲ್ಲಿ ಯಾಕೆ ಕೆತ್ತಬೇಕು? ಮೊದಲೆರಡು ದಿನ ಪ್ರತಿ ಸಲವೂ ಮುಖ ಕೆಂಪಾಯಿತು. ಅವನು ಮೊದಮೊದಲು ಕೆಲಸದ ಮಾತಷ್ಟೇ ಆಡುತ್ತಿದ್ದ. ಒಂದು ಮಧ್ಯಾಹ್ನ, "ಸ್ವಲ್ಪ ಬಿಡುವು ಕೊಡ್ರೀ, ಉಸಿರಾಡಬೇಕು," ಎಂದು ಗೊಣಗಿ, ನಕ್ಕುಬಿಟ್ಟ. ಆ ನಗು ಕಂಡು ಅವಳು ಕೈ ತೊಳೆಯುವ ನೆಪದಲ್ಲಿ ಹೊರಗೆ ಹೋಗಿ ಅತ್ತು ಬಂದಳು.

ಟೈಲರಮ್ಮ ಹೊಸ ಕಾಲಿನಲ್ಲಿ ಕೋಣೆಯ ಉದ್ದಕ್ಕೂ ನಡೆದರು. ಅವಳು ಮಂಡಿಯೂರಿ, "ಎಲ್ಲಾದ್ರೂ ಒತ್ತುತ್ತಾ? ಚೂರಾದ್ರೂ?" ಎಂದು ನಾಲ್ಕು ಸಲ ಕೇಳಿದಳು. "ಇಲ್ಲ ಕಣೇ ಮಾರಾಯ್ತಿ, ಏಳು ಮೇಲೆ," ಎಂದರು ಅವರು.

ಅವನ ಇಂಟರ್ನ್‌ಶಿಪ್ ಮುಗಿದ ದಿನ ಇಬ್ಬರೂ ಬಸ್ ಸ್ಟಾಪಿನವರೆಗೆ ನಡೆದರು. ಅವಳಿಗೆ ಇನ್ನೂ ಎರಡು ತಿಂಗಳು ಬಾಕಿಯಿತ್ತು. ಅವನ ಬಸ್ಸು ತಿರುವಿನಲ್ಲಿ ಕಾಣಿಸಿಕೊಂಡಿತು.

"ಒಂದು ಮಾತು ಹೇಳಬೇಕಿತ್ತು," ಎಂದಳು, ಚಪ್ಪಲಿ ನೋಡುತ್ತಾ. "ಮನಸ್ಸಲ್ಲಿ ತುಂಬಾ ದಿನದಿಂದ ಇದೆ. ಆದ್ರೆ ನಿಮಗೆ ಅಷ್ಟೆಲ್ಲ ಮಾಡಿ, ಈಗ ಯಾವ ಮುಖ ಇಟ್ಕೊಂಡು ಹೇಳಲಿ?"

ಬಸ್ಸು ಬಂದು ನಿಂತಿತು. ಅವನು ಹತ್ತಲಿಲ್ಲ. ಬಾಗಿ, ಅವಳ ತಗ್ಗಿದ ಕಣ್ಣಿಗೆ ಕಣ್ಣು ಸಿಗುವಷ್ಟು ಬಾಗಿ ನೋಡಿದ.

"ಇದೇ ಮುಖ ಇಟ್ಕೊಂಡು ಹೇಳು," ಎಂದ. ಬಹುವಚನ ಎಲ್ಲಿ ಜಾರಿತೋ ಅವನಿಗೇ ತಿಳಿಯಲಿಲ್ಲ. "ಬೇರೆ ಯಾವುದೂ ನಂಗೆ ಬೇಡ."

ಬಸ್ಸು ಹೊರಟುಹೋಯಿತು. ಅವಳು ತಲೆಯೆತ್ತಿ ಹೇಳಿದಳು.