ಒಡೆಯನಿಲ್ಲದ ಚೀಟಿ

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಸುತ್ತ ಕುಳಿತ ಹೆಂಗಸರ ನಡುವೆ ಅಂಗೈಯಗಲದ ಚೀಟಿಯಂತ್ರ ದೀಪ ಮಿನುಗಿಸಿ, “ಸವಾಲು ಕೂಗಿರಿ” ಎಂದಿತು. ಯಾರೂ ಬಾಯಿ ಬಿಡಲಿಲ್ಲ. ಯಂತ್ರ ತುಸು ಕಾಯ್ದು, “ಆಸಕ್ತರಿಲ್ಲ, ಗುಂಪು ಮುಗಿಯಿತು” ಎಂದು ಸಾರಿ, ಎಲ್ಲರ ಹಣಕ್ಕೂ ಐದು ವರ್ಷದ ಬೀಗ ಜಡಿಯಿತು.

ಹೆತ್ತವರಿಗೆ ಹೆಗ್ಗಣ ಮುದ್ದು. ಯಂತ್ರ ರಚಿಸಿದ ಚಿದಂಬರನಿಗೆ ಅದರಲ್ಲಿ ಕುಂದೇ ಕಾಣಲಿಲ್ಲ. ಹಣ ನುಂಗಿ ಓಡಿಹೋಗಲು ಈ ಚೀಟಿಗೆ ಯಜಮಾನನೇ ಇಲ್ಲ. ನಿಯಮಗಳೆಲ್ಲ ‘ಸ್ವಯಂಕರಾರು’ ಎಂಬ ತಂತ್ರಾಂಶವಾಗಿ ಲೋಕದ ಸಾವಿರಾರು ಗಣಕಗಳಲ್ಲಿ ಕೂತಿರುತ್ತವೆ. ಒಮ್ಮೆ ಬಿಟ್ಟಮೇಲೆ ಬರೆದವನೂ ತಿದ್ದಲಾರ. ಕೋರ್ಟಿನಲ್ಲೂ ಅವನು ಅದನ್ನೇ ಹೇಳಿದ.

“ನಾನು ಬರೆದವನು ಮಾತ್ರ, ಸ್ವಾಮಿ. ನಡೆಸುವವನಲ್ಲ. ಯಾರೂ ಕೂಗಲಿಲ್ಲವೆಂದರೆ ಯಾರಿಗೂ ಬೇಡ ಅಂತ ತಾನೆ?”

ಭಟ್ಟಿಯ ಹೆಂಗಸರ ಪರವಾಗಿ ದೂರು ಕೊಟ್ಟ ಹಸೀನಾಬಿ ಎದ್ದು ನಿಂತಳು. “ನನ್ನ ಮಗಳ ಮದುವಿ ಐತ್ರಿ. ಮದುವಿ ಮನಿಯೋರಿಗೆ ಚೀಟಿ ಸಿಗ್ಲಿ ಅಂತ ಉಳಿದೋರು ಸುಮ್ನಿರ್ತಾರ. ಅದು ನಮ್ಮಲ್ಲಿ ಪದ್ಧತಿ.”

“ನೀವಾದರೂ ಕೂಗಬಹುದಿತ್ತಲ್ಲ?” ಎಂದ ಚಿದಂಬರ.

“ನಂಗ ಬೇಕು ಅಂತ ನಾನ ಹೆಂಗ ಕೇಳ್ಲಿ, ತಮ್ಮಾ? ಮೊದ್ಲು ಚೀಟಿ ನಡ್ಸ್ತಿದ್ದ ಈರಮ್ಮ ‘ನೀ ತಗಳವ್ವ’ ಅಂತಿದ್ಲು.”

ತೀರ್ಪು ಬಂತು: ಬರೆದವನೇ ಹೊಣೆ. ಹಸೀನಾಬಿಯ ಚೀಟಿ ಹಣವನ್ನು ಮದುವೆಗೆ ಮುಂಚೆ ಅವನೇ ಕೊಡಬೇಕು. ಅವನು ಮಾಡಿಕೊಡುವ ಹೊಸ ಯಂತ್ರ ಅವನ ಬೆರಳೊತ್ತು ಇಲ್ಲದೆ ಸವಾಲು ಮುಗಿಸಕೂಡದು; ಅದಕ್ಕಾಗಿ ತಿಂಗಳು ತಿಂಗಳು ಭಟ್ಟಿಗೇ ಹೋಗಿ ಕೂರಬೇಕು. ಒಡೆಯನಿಲ್ಲದ ಚೀಟಿಗೆ ಹೀಗೊಬ್ಬ ಒಡೆಯ ಬಂದ.

ಬಂದವನು ಸುಮ್ಮನೆ ಯಾಕೆ ಕೂರಬೇಕೆಂದು ಹೆಂಗಸರು ಅವನನ್ನೂ ಚೀಟಿಗೆ ಸೇರಿಸಿಕೊಂಡರು. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ, ಯಾರು ಯಾರಿಗಾಗಿ ಸುಮ್ಮನಿದ್ದಾರೆಂದು ಗುರುತಿಸಲು ಅವನು ಕಲಿತ. ಈ ನಡುವೆ ಅವನ ವಕೀಲರದೇ ಕಾಟ. ಶುಲ್ಕ ಕೊಡದಿದ್ದರೆ ಮನೆ ಜಪ್ತಿ ಮಾಡಿಸುತ್ತೇನೆಂದು ಭಟ್ಟಿಯಲ್ಲಿ ಕೂತಾಗಲೂ ಫೋನ್ ಮಾಡುತ್ತಿದ್ದರು.

ಒಂದು ತಿಂಗಳು ಯಂತ್ರ ಸವಾಲು ಕೇಳಿದಾಗ ಎಲ್ಲರೂ ಸುಮ್ಮನಾದರು. ಚಿದಂಬರ ಒಬ್ಬೊಬ್ಬರ ಮುಖ ನೋಡಿದ. ಯಾರ ಮನೆಯಲ್ಲೂ ಮದುವೆಯಿರಲಿಲ್ಲ, ಕಾಯಿಲೆಯೂ ಇರಲಿಲ್ಲ.

“ಯಾರಿಗಾಗಿ ಸುಮ್ಮನಿದ್ದೀರಿ?” ಎಂದು ಕೇಳಿದ.

ಹಸೀನಾಬಿ ಅವನ ಬೆರಳು ಹಿಡಿದು ಯಂತ್ರದ ಮೇಲಿಟ್ಟಳು. “ನೀ ತಗಳೋ ತಮ್ಮಾ. ನಿನ್ನ ವಕೀಲ್ರ ಬಾಯಿ ಮುಚ್ಸು.”

ತನ್ನನ್ನು ಕೋರ್ಟಿಗೆ ಎಳೆದವರ ಹಣ. ಚಿದಂಬರನ ಕಣ್ಣು ತುಂಬಿತು. ಬೇಕು ಎನ್ನಲು ಅವನಿಗೂ ಬಾಯಿ ಬರಲಿಲ್ಲ.