ಪಾಪಯ್ಯನವರ ಪೊಟ್ಯಾಸಿಯಂ ಕದ್ದವರು ಯಾರು?

ಪಾಪಯ್ಯನವರ ಪೊಟ್ಯಾಸಿಯಂ ಮತ್ತೆ ಕಳುವಾಗಿತ್ತು.

ಬೆಳಗಿನ ರಕ್ತದ ವರದಿ ನೋಡಿ ನನಗೆ ಮೈಯೆಲ್ಲ ಉರಿಯಿತು. ಡ್ರಿಪ್‌ನಲ್ಲಿ ಹನಿಹನಿಯಾಗಿ ತುಂಬಿಸಿದ್ದು ಹೋಯಿತೆಲ್ಲಿಗೆ? ಪೀಣ್ಯದಲ್ಲಿ ಲೇತ್ ಮೆಷಿನ್ ಮುಂದೆ ದಿನವಿಡೀ ನಿಲ್ಲುತ್ತಿದ್ದ ಮನುಷ್ಯ ಈಗ ಅದಿಲ್ಲದೆ ಕೈಕಾಲು ಸೋತು ಮಂಚದಿಂದ ಏಳಲಾರ. ಬಿಪಿ ಬೇರೆ ಏರಿ ಕುಳಿತಿತ್ತು. ಮೂತ್ರಪಿಂಡದ ಮೇಲಿನ ಗ್ರಂಥಿಯಲ್ಲಿ ಒಂದು ಪುಟ್ಟ ಗಂಟಿದೆ ಎಂದು ಸ್ಕ್ಯಾನ್ ಹೇಳಿತ್ತು. ಕಳ್ಳ ಅದೇ ಇರಬೇಕೆಂದು ಅದನ್ನು ತೆಗೆಯಲು ಮರುದಿನವೇ ಆಪರೇಷನ್.

ನಾನು ಶೈಲಾ, ಈ ವಾರ್ಡಿನ ಸಿಸ್ಟರ್. ಗಟ್ಟಿ ಕಾರಣವಿಲ್ಲದೆ ಯಾರ ಹೊಟ್ಟೆಗೂ ಕತ್ತಿ ಹಾಕುವುದು ನನಗೆ ಸುತರಾಂ ಹಿಡಿಸುವುದಿಲ್ಲ.

ಡಾಕ್ಟರ್ ಪಟ್ಟಾಭಿರಾಮ ರೌಂಡ್ಸಿಗೆ ಬಂದರು. ಜೊತೆಗೆ ಸುಕೃತಿ — ಆಸ್ಪತ್ರೆಯ ಲೈಬ್ರರಿಯನ್. ಹೌದು, ಲೈಬ್ರರಿಯನ್ನೇ. ಗ್ರಂಥಾಲಯ ವಿಜ್ಞಾನ ಓದಿ, ಆಮೇಲೆ ವೈದ್ಯಕೀಯ ಸಂಶೋಧನೆಗಳನ್ನು ಹುಡುಕಿ ಜೊಳ್ಳು ಗಟ್ಟಿ ಬೇರೆ ಮಾಡುವ ತರಬೇತಿ ಪಡೆದವಳು. ವಾರ್ಡಿನಲ್ಲಿ ಪ್ರಶ್ನೆಯೊಂದು ಹುಟ್ಟಿದರೆ, ಲೋಕದಲ್ಲಿ ಎಲ್ಲಾದರೂ ಅದಕ್ಕೆ ಉತ್ತರವಿದೆಯೇ ಎಂದು ಪತ್ತೆ ಮಾಡುವುದು ಅವಳ ಕೆಲಸ. ಅವಳು ರಜೆ ಹಾಕಿದ ದಿನ ಡಾಕ್ಟರಿಗೆ ರೌಂಡ್ಸೇ ಸಪ್ಪೆ.

"ಈ ಗಂಟಿನ ಬಗ್ಗೆ ನಿನ್ನೆ ಕೇಳಿದ್ದು ಸಿಕ್ತೇನಮ್ಮಾ?"

"ಸಿಕ್ತು ಸಾರ್. ಆದ್ರೆ ಗಂಟೇ ಕದ್ದಿದ್ದು ಅಂತ ನಂಗೆ ನಂಬಿಕೆ ಇಲ್ಲ. ಅದೇ ಕಳ್ಳ ಆಗಿದ್ರೆ ಅದರ ಹಾರ್ಮೋನು ರಕ್ತದಲ್ಲಿ ಜಾಸ್ತಿ ಇರ್ಬೇಕಿತ್ತು. ನಿನ್ನೆ ಸಂಜೆ ಬಂದ ವರದೀಲಿ ತೀರಾ ಕಮ್ಮಿ ಇದೆ."

"ನನ್ನ ನಿದ್ದೆ ಕೆಡಿಸಿದ್ದೂ ಅದೇ. ಗಂಟಲ್ಲ ಅಂದ್ರೆ ಇನ್ಯಾರು?"

"ಒಬ್ಬರ ಮೇಲೆ ಅನುಮಾನ ಇದೆ. ಇವರನ್ನ ನಾಲ್ಕು ಮಾತು ಕೇಳಲಾ?"

ಡಾಕ್ಟರ್ ಸ್ಟೂಲನ್ನು ತಾವೇ ಎಳೆದು ಕೊಟ್ಟರು.

"ಪಾಪಯ್ಯನೋರೆ, ಬೀಡಿ ಸೇದ್ತೀರಾ?"

"ಬಿಟ್ಟು ಕಾಲ ಆತು ಮೇಡಂ."

"ಗುಟ್ಕಾ? ನೀರು ಇಳಿಯೋ ಮಾತ್ರೆ? ಭೇದಿ ಮಾತ್ರೆ?"

"ಯಾವ್ದೂ ಇಲ್ಲ."

ಅವರು ಬಾಯಿ ಪೂರ್ತಿ ಬಿಡದೆ ಮಾತಾಡುತ್ತಿದ್ದರು. ನಿಶ್ಶಕ್ತಿ ಎಂದುಕೊಂಡೆ. ಜ್ವರ ನೋಡಲು ಕಂಕುಳಲ್ಲಿ ಥರ್ಮಾಮೀಟರ್ ಇಡುವ ನನಗೆ ಅವರ ಬಾಯಿ ನೋಡುವ ಪ್ರಮೇಯ ಬಂದಿರಲಿಲ್ಲ.

ಸುಕೃತಿ ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿಯತ್ತ ತಿರುಗಿದಳು. "ಕೃಷ್ಣಮ್ಮೋರೆ, ಮೊದಲ್ನೇ ದಿನ ಡಾಕ್ಟರಿಗೆ ಏನೋ ಹೇಳಿದ್ರಲ್ಲ? ಅದೇ ಮಾತು ಇನ್ನೊಂದ್ಸಲ ಹೇಳಿ."

"ನಮ್ಮೋರಿಗೆ ಯಾವಾಗ್ಲೂ ಅತಿ ಮಧುರ ಬೇಕು ಸಾರ್ ಅಂದೆ. ಸಿಹಿ ಕಮ್ಮಿ ಮಾಡ್ಸಿ ಅಂದ್ರು. ಅವತ್ತಿಂದ ಕಾಫೀಗೂ ಸಕ್ರೆ ಆಕಿಲ್ಲ."

"ಶುಗರ್ ಟೆಸ್ಟೂ ಮಾಡಿಸ್ದೆ. ನಾರ್ಮಲ್ ಇತ್ತು," ಎಂದರು ಡಾಕ್ಟರ್.

"ಕೃಷ್ಣಮ್ಮೋರೆ, ಪಾಯಸಕ್ಕೆ ಬೆಲ್ಲ ಜಾಸ್ತಿ ಆದ್ರೆ ಏನಂತೀರಿ?"

"ಸಿಹಿ ಜಾಸ್ತಿ ಆತು ಅಂತೀನಿ. ಇನ್ನೇನಂತಾರೆ?"

"ಅತಿ ಮಧುರ ಆಯ್ತು ಅಂತೀರಾ?"

ಕೃಷ್ಣಮ್ಮ ನಕ್ಕೇಬಿಟ್ಟರು. "ಅಂಗೆಲ್ಲ ಅನ್ನೋಕೆ ನಾನೇನು ಹರಿಕಥೆ ಮಾಡ್ತೀನಾ ಮೇಡಂ?"

"ಪಾಪಯ್ಯನೋರೆ, ಸ್ವಲ್ಪ ಬಾಯಿ ಬಿಡಿ ನೋಡೋಣ."

ಪಾಪಯ್ಯ ಹೆಂಡತಿಯ ಮುಖ ನೋಡಿದರು. ನನ್ನ ಮುಖ ನೋಡಿದರು. ಬೇರೆ ದಾರಿ ಕಾಣದೆ, ದವಡೆಯಲ್ಲಿ ಒತ್ತಿಕೊಂಡಿದ್ದುದನ್ನು ನಾಲಿಗೆಯ ತುದಿಗೆ ತಂದರು — ಜಗಿದು ಜಗಿದು ನಾರಾದ ಹಳದಿ ಬೇರಿನ ತುಂಡು. ಅಲ್ರೀ, ನನ್ನ ವಾರ್ಡಿನಲ್ಲಿ, ನನ್ನ ಕಣ್ಣೆದುರಿಗೇ!

"ಅದೇ ಅತಿಮಧುರ," ಎಂದರು ಕೃಷ್ಣಮ್ಮ. "ಬೀಡಿ ಬಿಟ್ಮೇಲೆ ಬಾಯಿಗೆ ಏನಾರ ಬೇಕಲ್ಲ? ಗಂಟ್ಲಿಗೂ ಒಳ್ಳೇದು ಅಂತ ಬೇರು-ನಾರು ಮಾರೋ ಗ್ರಂಥಿಗೆ ಅಂಗಡಿಯಿಂದ ನಾನೇ ತಂದ್ಕೊಡ್ತೀನಿ. ಅದು ಔಸ್ದಿ, ಸಿಹಿ ತಿಂಡಿ ಅಲ್ಲ."

"ಕಳ್ಳ ಇವನೇ ಸಾರ್," ಎಂದಳು ಸುಕೃತಿ. "ಕೆಮ್ಮಿಗೆ ಯಾವಾಗ್ಲೋ ಒಂದು ಚೂರು ತಿಂದ್ರೆ ತೊಂದ್ರೆ ಇಲ್ಲ. ತಿಂಗಳುಗಟ್ಟಲೆ ದಿನವಿಡೀ ಜಗಿದ್ರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತೆ, ಆ ಹಾರ್ಮೋನು ತಗ್ಗುತ್ತೆ. ಓದಿದ ಕೇಸುಗಳಲ್ಲಿ ಈ ಬೇರಿನ ಇಂಗ್ಲಿಷ್ ಹೆಸರಿತ್ತು. ಒಂದು ವಸ್ತುವಿಗೆ ಎಷ್ಟು ಹೆಸರಿದೆಯೋ ಅಷ್ಟನ್ನೂ ಹುಡುಕು ಅಂತ ನಮ್ಗೆ ತರಬೇತೀಲಿ ತಲೆಗೆ ತುಂಬಿರ್ತಾರೆ. ಹುಡುಕಿದೆ. ಜ್ಯೇಷ್ಠಮಧು, ಯಷ್ಟಿಮಧು, ಅತಿಮಧುರ. ಆಗ ಇವರ ಮಾತು ನೆನಪಾಯ್ತು. ಕೃಷ್ಣಮ್ಮನೋರು ಹೇಳಿದ್ದು ಒಂದು ಪದ ಸಾರ್. ನಾವೆಲ್ಲ ಎರಡು ಪದ ಕೇಳಿಸ್ಕೊಂಡ್ವಿ."

ಡಾಕ್ಟರ್ ಹಣೆ ಚಚ್ಚಿಕೊಂಡು, ಹೊಟ್ಟೆ ಹಿಡಿದು ನಕ್ಕರು. ನಗುತ್ತಲೇ ಸರ್ಜನ್ನರಿಗೆ ಫೋನ್ ಮಾಡಿದರು. "ನಾಳೆ ಪಾಪಯ್ಯಂದು ಬೇಡಪ್ಪ. ಆ ಗಂಟು ನಿರಪರಾಧಿ. ಸದ್ಯಕ್ಕೆ ಅದರ ಪಾಡಿಗೆ ಇರ್ಲಿ, ಮುಂದೆ ನೋಡ್ತಾ ಇರೋಣ."

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಆದರೆ ಕೃಷ್ಣಮ್ಮ ಸೆರಗನ್ನು ಕಣ್ಣಿಗೊತ್ತಿಕೊಂಡಿದ್ದರು. "ನನ್ ಕೈಯಾರ ಕೊಟ್ನಲ್ಲ ಸಿಸ್ಟರ್. ಇಂಗಾಗುತ್ತೆ ಅಂತ ಗೊತ್ತಾಗ್ಲಿಲ್ಲ."

"ಬೀಡಿ ಬಿಡ್ಸಿದ್ದೂ ಅದೇ ಕೈ ಕಣೆ," ಎಂದರು ಪಾಪಯ್ಯ. ಬಾಯಿ ಖಾಲಿಯಾದ ಮೇಲೆ ಮಾತು ಸ್ಪಷ್ಟವಾಗಿತ್ತು. "ಅಳ್ಬೇಡ ಸುಮ್ಕಿರು."

ಬೇರು ಕಸದ ಬುಟ್ಟಿ ಸೇರಿತು. ಪೊಟ್ಯಾಸಿಯಂ ಮೆಲ್ಲಗೆ ಏರಿತು, ಏರಿ ಅಲ್ಲೇ ನಿಂತಿತು. ಪಾಪಯ್ಯ ಮೊದಲು ಗೋಡೆ ಹಿಡಿದು ನಡೆದರು, ಆಮೇಲೆ ಗೋಡೆ ಬಿಟ್ಟು ನಡೆದರು. ಡಿಸ್ಚಾರ್ಜ್ ದಿನ ನಾನು ವೀಲ್‌ಚೇರ್ ತಂದೆ. ಪಾಪಯ್ಯ ಅದರಲ್ಲಿ ಕೂರಲಿಲ್ಲ. ಎಷ್ಟೋ ರಾತ್ರಿ ಕಣ್ಣುಮುಚ್ಚದ ಹೆಂಡತಿಯ ಭುಜ ಒತ್ತಿ ಅವರನ್ನೇ ಕೂರಿಸಿ, ತಾವು ತಳ್ಳಿಕೊಂಡು ಲಿಫ್ಟಿನತ್ತ ಹೊರಟರು.

"ಇಳಿಸ್ರೀ, ಜನ ನೋಡ್ತಾರೆ," ಎನ್ನುತ್ತಿದ್ದರು ಕೃಷ್ಣಮ್ಮ.

"ನೋಡ್ಲಿ ಬಿಡು," ಎಂದರು ಪಾಪಯ್ಯ.