ಹಲ್ಲು ಕೆಳಗಾದ ಅಲಗು

“ಅಪ್ಪನ್ನ ನಾನೇ ಕೊಂದೆ, ಅಜ್ಜೀ.”

ಪಕ್ಕದ ಮನೆಯ ಮೇಷ್ಟ್ರ ಮಗಳು ಬಾಗಿಲಲ್ಲಿ ನಿಂತು ಹೀಗೆಂದಾಗ ಫೋಟೋಗ್ರಾಫರ್ ಅಳಿಯ ದಡಬಡಿಸಿ ಎದ್ದ. ಅವನ ಅತ್ತೆ ಮಾತ್ರ ತಣ್ಣಗೆ ಚಪ್ಪಲಿ ಮೆಟ್ಟಿಕೊಂಡರು. ವಿಮೆ ಕಚೇರಿಯಲ್ಲಿ ಸುಳ್ಳು ಕ್ಲೇಮು ಹಿಡಿದು ಹಿಡಿದೇ ಕೂದಲು ನರೆತ ಹೆಂಗಸು. ಅಳಿಯ ಜ್ವರ ಅಂದರೂ ಥರ್ಮಾಮೀಟರ್ ತೋರಿಸು ಅನ್ನುವವರು. ಬೀದಿಯಲ್ಲಿ ಏನೇ ಕಳವಾಗಲಿ, ಯಾರೇ ಸಾಯಲಿ, ಜನ ಮೊದಲು ಓಡಿಬರುತ್ತಿದ್ದುದು ಅವರ ಹತ್ತಿರ.

ಮೇಷ್ಟ್ರ ಮನೆಯ ಹಿತ್ತಲ ಶೆಡ್ಡಿನಲ್ಲಿ ಅವರು ಲೋಹ ಕಡೆಯುವ ತಮ್ಮ ಪುಟ್ಟ ಲೇತಿನ ಪಕ್ಕ ಹಣೆಯೊಡೆದು ಸತ್ತು ಬಿದ್ದಿದ್ದರು. ಲೇತಿನ ಬಾಯಲ್ಲಿ ಅರ್ಧ ಕೊಯ್ದ ಹಿತ್ತಾಳೆ ಸರಳು. ಅದರಲ್ಲಿ ಮುಂದಿನಿಂದ ಸಿಕ್ಕಿ ಮುರಿದ ತೆಳ್ಳನೆ ಅಲಗು. ತಿರುಗುವ ಸರಳನ್ನು ಕೊಯ್ದು ತುಂಡು ಬೇರೆ ಮಾಡುವ ಅಲಗು ಅದು; ಚೂರು ವಾಲಿದರೂ ಕಚ್ಚಿಕೊಂಡು ಸಿಡಿಯುತ್ತದೆ.

“ಅಪ್ಪಂಗೆ ಕೈ ನಡುಗ್ತಿತ್ತು,” ಹುಡುಗಿ ಗೋಡೆಯ ಕಡೆ ಮುಖ ಮಾಡಿ ಹೇಳಿದಳು. ಅಪ್ಪ ಬಿದ್ದಿದ್ದನ್ನು ಕಂಡ ಮೇಲೆ ಲೇತಿನತ್ತ ಅವಳು ತಿರುಗಿಯೂ ನೋಡಿರಲಿಲ್ಲ. “ನಿನ್ನೆ ರಾತ್ರಿ ಅಲಗು ಹಿಡಿಯೋಕೆ ಹೊಸ ಕಬ್ಬಿಣದ ದಿಮ್ಮಿ ಮಾಡಿ ಲೇತಿನ ಹಿಂದ್ಗಡೆ ಬಿಗಿದ್ರು. ಬೆಳಿಗ್ಗೆ ಅದ್ರಲ್ಲಿ ನಾನೇ ಅಲಗು ಕೂರಿಸ್ದೆ. ಔಷಧಿ ತಗೊಂಡು ವಾಪಸ್ ಬರೋ ಅಷ್ಟ್ರಲ್ಲಿ…”

“ಬಂದಾಗ ಮೋಟರ್ ಓಡ್ತಿತ್ತೇನಮ್ಮ?”

“ಇಲ್ಲ. ಸದ್ದೇ ಇರ್ಲಿಲ್ಲ.”

ಅತ್ತೆ ಸ್ವಿಚ್ಚು ನೋಡಿದರು. ಆರಿಸಿತ್ತು. ಲೇತಿನ ಹಿಂದೆ ಬಗ್ಗಿ ಇಣುಕಿ, “ಅಳಿಯಂದ್ರೇ, ಒಂದು ಫೋಟೋ ಹೊಡೀರಿ. ಆಮೇಲೆ ಇಡೀ ಮಿಶಿನ್ನಿಗೆ ಬೆಡ್‌ಶೀಟ್ ಹೊದಿಸಿ,” ಎಂದರು.

ಹಿಂದಿನ ದಿಮ್ಮಿಯಲ್ಲಿ ಇನ್ನೊಂದು ಅಲಗಿತ್ತು: ಮುರಿಯದೆ, ಕೊಯ್ಯುವ ಹಲ್ಲು ನೆಲದ ಕಡೆಗಿಟ್ಟುಕೊಂಡು. ಯಾರೋ ತಿಳಿಯದವರು ಉಲ್ಟಾ ಹಾಕಿದ್ದಾರೆ ಅಂದುಕೊಂಡೇ ಅಳಿಯ ಕ್ಲಿಕ್ಕಿಸಿದ.

ಸಂಜೆ ಅದೇ ಶೆಡ್ಡಿನಲ್ಲಿ ಎಲ್ಲರೂ ಸೇರಿದರು. ಹುಡುಗಿಯ ಅಜಾಗರೂಕತೆ ಅಂತ ಕೇಸು ಬರೆಯಲು ಇನ್‌ಸ್ಪೆಕ್ಟರ್ ಸಿದ್ಧರಾಗಿದ್ದರು. ಮೇಷ್ಟ್ರ ತಮ್ಮ, ದೊಡ್ಡ ಕಾರ್ಖಾನೆಯಲ್ಲಿ ಲೇತು ನಡೆಸುವ ಹೆಡ್ ಟರ್ನರ್, ಕಣ್ಣೊರೆಸಿಕೊಂಡ.

“ಇಲ್ಲಿಗೆ ಬಂದು ಎಷ್ಟೋ ತಿಂಗಳಾಯ್ತು ಸಾರ್. ಬಂದಿದ್ರೆ ಹೇಳ್ಕೊಡ್ತಿದ್ದೆ. ಕೆಲಸ ಗೊತ್ತಿಲ್ದೋರು ಮಿಶಿನ್ ಮುಟ್ಟಿದ್ರೆ ಇದೇ ಗತಿ.”

ಹುಡುಗಿಯ ತಲೆ ಇನ್ನೂ ಬಾಗಿತು.

“ಯಾಕಪ್ಪ? ನಮ್ಮ ಹುಡುಗಿ ಅಲಗು ಸರಿಯಾಗೇ ಕೂರಿಸಿದಾಳೆ,” ಅತ್ತೆ ಸಲೀಸಾಗಿ ಅಂದರು.

“ಸರಿಯಾಗಾ!” ಟರ್ನರ್ ಸಿಡಿದ. “ಹಿಂದ್ಗಡೆ, ಅದೂ ಹಲ್ಲು ಕೆಳಗ್ಮಾಡಿ ಕೂರ್ಸೋದು ಸರೀನಾ ಅಜ್ಜಿ? ನಮ್ಮಲ್ಲಿ ನೆಲ ಗುಡಿಸೋನೂ ಹಂಗ್ ಮಾಡಲ್ಲ!”

ಅತ್ತೆ ಬೆಡ್‌ಶೀಟ್ ಎಳೆದರು.

“ದಿಮ್ಮಿ ಬಿಗಿದಿದ್ದು ನಿನ್ನೆ ರಾತ್ರಿ. ಅಲಗು ಹಾಕಿದ್ದು ಇವತ್ತು ಬೆಳಿಗ್ಗೆ. ಈ ಶೆಡ್ಡಿಗೆ ಕಾಲಿಡದೋನಿಗೆ ಇದು ಕನಸಲ್ಲಿ ಬಂತಾ?”

ಟರ್ನರ್ ಬಾಗಿಲ ಕಡೆ ಸರಿದ. ಅತ್ತೆ ಮಾತು ಮುಂದುವರಿಸಿದರು.

“ಇನ್‌ಸ್ಪೆಕ್ಟ್ರೇ, ಹುಡುಗಿ ಕೂರಿಸಿದ ಅಲಗು ಇಗೋ, ಕೂದಲಷ್ಟೂ ಕೊಂಕಿಲ್ಲ. ಮುರಿದಿದ್ದು ಮುಂದ್ಗಡೆ ಇರೋ ಬೇರೇದು. ಹಣೆ ಒಡೆದು ಸತ್ತೋರು ಎದ್ದು ಸ್ವಿಚ್ ಆರಿಸ್ತಾರಾ? ಇವನು ಸರಳಲ್ಲಿ ಅಣ್ಣನ್ನ ಹೊಡೆದ. ಅಪಘಾತ ಅನ್ನಿಸ್ಬೇಕಿತ್ತು. ಆದ್ರೆ ಉಲ್ಟಾ ಅಲಗು ಮುಟ್ಟೋಕೆ ಕಾರ್ಖಾನೆ ಕೈ ಒಪ್ಪಲಿಲ್ಲ. ಡ್ರಾಯರಿಂದ ಬೇರೆ ತಗೊಂಡು ಕಲಿತ ಹಾಗೆ ಮುಂದೆ ಕೂರಿಸಿದ, ಕಚ್ಚಿಸಿ ಮುರಿದ. ಮಿಶಿನ್ ಬಿಟ್ಟು ಹೋಗುವಾಗ ಸ್ವಿಚ್ ಆರಿಸಿದ. ಒಳ್ಳೇ ಕೆಲಸಗಾರ ನೋಡಿ!”

ಟರ್ನರ್ ಒಪ್ಪಿಕೊಂಡ. ಮೇಷ್ಟ್ರು ಕಂಡುಹಿಡಿದ, ಹನಿ ಸೋರದ ನಲ್ಲಿಯ ಕವಾಟವನ್ನು ಕಾರ್ಖಾನೆಯಲ್ಲಿ ತನ್ನದೆಂದು ತೋರಿಸಿ ಮೆರೆದಿದ್ದ. “ನಾಳೆ ಹೊಸ ಕವಾಟ ತಂದು ನಿಮ್ಮ ಸಾಹೇಬ್ರಿಗೆ ನಾನೇ ತೋರಿಸ್ತೀನಿ ಅಂದ ಅಣ್ಣ. ನನ್ನ ಕಳ್ಳತನ ಬಯಲಾಗ್ತಿತ್ತು,” ಎಂದು ಗೊಣಗಿದ.

ಹುಡುಗಿ ಮೊದಲ ಸಲ ಲೇತಿನತ್ತ ತಿರುಗಿದಳು. “ಅಜ್ಜೀ, ಸಣ್ಣ ಲೇತು ನಡುಗತ್ತೆ. ಮುಂದಿಂದ ಕೊಯ್ದ್ರೆ ಕಚ್ಕೊಂಡು ಕಿರುಚತ್ತೆ. ಅದಕ್ಕೇ ಅಪ್ಪ ಹಿಂದ್ಗಡೆಯಿಂದ ಉಲ್ಟಾ… ಅದು ಕೊಯ್ಯೋದನ್ನ ನೋಡೋಕೇ ಆಗ್ಲಿಲ್ಲ ಅವ್ರಿಗೆ.”

ಲೇತು ಓಡಿಸಿ ತೋರಿಸಲು ಇನ್‌ಸ್ಪೆಕ್ಟರ್ ಒಪ್ಪಿ ತಲೆಯಾಡಿಸಿದರು. ಅಳಿಯ ಎಲ್ಲದರ ಫೋಟೋ ತೆಗೆದ ಮೇಲೆ ಅವಳು ಮುರುಕು ಅಲಗನ್ನು ಬಿಡಿಸಿ ಮೋಟರು ಹಾಕಿ, ಹಿಂದಿನ ಅಲಗನ್ನು ಮೆಲ್ಲಗೆ ಎಳೆದಳು.

ಗೇಟಿನ ಹತ್ತಿರ ಪೊಲೀಸರ ನಡುವೆ ನಡೆಯುತ್ತಿದ್ದ ಟರ್ನರ್ ನಿಂತುಬಿಟ್ಟ. ಅಲಗು ಕಚ್ಚಿಕೊಳ್ಳುವ ಆ ಕಿರುಚಾಟಕ್ಕಾಗಿ ಕಿವಿಗೊಟ್ಟ. ಕೇಳಿಸಲಿಲ್ಲ. ಬೆಣ್ಣೆ ಕೊಯ್ದಂಥ ಸರಸರ ಮಾತ್ರ. ಆಮೇಲೆ ತಟ್ಟೆಯಲ್ಲಿ ಹಿತ್ತಾಳೆ ತುಂಡೊಂದು ಟಣ್ಣೆಂದು ಬಿತ್ತು.